ಪಾರ್ಕಿನ ಬೋರ್ಡಿನಲ್ಲಿಲ್ಲದ ಆಟ

ಹಂಸಾಗೆ ಬುದ್ಧಿ ಹೇಳದವರು ಚಿಕ್ಕಲಸಂದ್ರದಲ್ಲಿ ಯಾರಾದರೂ ಉಳಿದಿದ್ದರೆ, ಅವರು ಇನ್ನೂ ಮಾತು ಕಲಿಯದ ಕೂಸುಗಳೇ ಇರಬೇಕು. ಮಗಳು ಸಮನ್ವಿತಾ ಹೊತ್ತುಗೊತ್ತಿಲ್ಲದೆ ಮೊಬೈಲಿನಲ್ಲಿ ಗೇಮ್ ಆಡುತ್ತಾಳೆ ಎನ್ನುವ ಸುದ್ದಿ ಅದು ಹೇಗೋ ಬೀದಿಗೆಲ್ಲ ಗೊತ್ತಾಗಿತ್ತು. ಕ್ಲಾಸ್ ಟೀಚರು ಹೇಳಿದರು, ಓರಗಿತ್ತಿ ಹೇಳಿದಳು, ಕಡೆಗೆ ಗಾಡಿಯಲ್ಲಿ ಸೊಪ್ಪು ಮಾರುವ ಮುನಿಯಣ್ಣ ಕೂಡ ಕೊತ್ತಂಬರಿ ಕಟ್ಟು ಕೈಗಿಡುತ್ತ, "ಮಗೀಗೆ ಫೋನ್ ಕೊಡ್ಬೇಡಿ ಅಕ್ಕಾ, ಕಣ್ಣು ಹೋಯ್ತದೆ" ಅಂದ. ಎಲ್ಲರೂ ಹೇಳುವುದು ಅವಳಿಗೇ. ಗಂಡ ಮಾಧವನಿಗೆ ಒಬ್ಬರಾದರೂ ಹೇಳಬಾರದೇ? ಅಪ್ಪ ಅನ್ನುವವನು ಈ ಜನದ ಕಣ್ಣಿಗೇ ಬೀಳುವುದಿಲ್ಲವೇನೋ!

ಹಂಸಾ ಜಯನಗರ ನಾಲ್ಕನೇ ಬ್ಲಾಕಿನ ಒಂದು ಕ್ಲಿನಿಕ್ಕಿನಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದಳು. ದಿನವಿಡೀ ರೋಗಿಗಳ ಗೊಣಗಾಟ ಕೇಳಿ, ಬಸ್ಸಿನಲ್ಲಿ ನಿಂತು ಮನೆಗೆ ಬಂದರೆ, ಹತ್ತು ವರ್ಷದ ಮಗಳು ಸೋಫಾದ ಮೂಲೆಯಲ್ಲಿ ಮುದುರಿಕೊಂಡು ಅಜ್ಜಿಯ ಫೋನಿನಲ್ಲಿ ಮುಳುಗಿರುತ್ತಿದ್ದಳು. ಕರೆದರೆ ಹ್ಞೂಂ ಇಲ್ಲ, ಊಹ್ಞೂಂ ಇಲ್ಲ. ಹಂಸಾ ಬೈದಳು, ಫೋನ್ ಕಿತ್ತಿಟ್ಟಳು. ಮಗಳು ಊಟ ಬಿಟ್ಟಳು. ಅಜ್ಜಿಯ ಕರುಳು ಚುರುಕ್ಕೆಂದು ಫೋನು ಮತ್ತೆ ಮೊಮ್ಮಗಳ ಕೈ ಸೇರಿತು. ಹೀಗೇ ಎಷ್ಟೋ ದಿನ ನಡೆದ ಮೇಲೆ, ಒಂದು ಸಂಜೆ ಹಂಸಾ ಮಗಳ ಪಕ್ಕ ಕೂತು ಸಮಾಧಾನದಿಂದಲೇ ಕೇಳಿದಳು.

"ಪುಟ್ಟೀ, ಇದನ್ನ ಬಿಡ್ಬೇಕು ಅಂದ್ರೆ ನಿಂಗೇನ್ ಬೇಕು ಹೇಳು."

"ಹೊರಗಡೆ ಆಡ್ಬೇಕು. ನೀನೂ ಬರ್ಬೇಕು."

"ಬರ್ತೀನಿ. ಆ ಗೇಮ್ ತೆಗೆದ್ಹಾಕು, ಪಾರ್ಕಲ್ಲಿ ಆಡಿಸೋ ಜವಾಬ್ದಾರಿ ನಂದು."

"ಪ್ರಾಮಿಸ್?"

"ನಿನ್ನಾಣೆಗೂ."

ಸಮನ್ವಿತಾ ಅಮ್ಮನ ಕಣ್ಣೆದುರಿಗೇ ಗೇಮ್ ಅಳಿಸಿದಳು. ಅದರೊಳಗೆ ಅವಳೇ ಕಟ್ಟಿದ ಒಂದು ಊರಿತ್ತು. ಮನೆಗಳು, ಸೇತುವೆ, ಕೆರೆ ಎಲ್ಲ ಹೋಯಿತು. ಮಗು ತುಟಿ ಕಚ್ಚಿಕೊಂಡಿತು, ಅಳಲಿಲ್ಲ. ಇನ್ನು ಮಾತು ಉಳಿಸಿಕೊಳ್ಳುವ ಸರದಿ ಹಂಸಾಳದು.

ಮರುದಿನ ಸಂಜೆ ಇಬ್ಬರೂ ಚೆಂಡು ಹಿಡಿದು ಪಾರ್ಕಿಗೆ ಹೋದರು. ನಾಲ್ಕು ಸಲ ಎಸೆದು ಹಿಡಿದಿದ್ದರೋ ಇಲ್ಲವೋ, ಬಡಾವಣೆ ಸಂಘದ ಕಾರ್ಯದರ್ಶಿ ಅನಂತರಾಮು ಎದುರಿಗೆ ಬಂದು ನಿಂತರು. ಬ್ಯಾಂಕಿನಿಂದ ನಿವೃತ್ತರಾಗಿ ವರ್ಷಗಳಾದರೂ ಮ್ಯಾನೇಜರ್‌ಗಿರಿಯಿಂದ ನಿವೃತ್ತರಾಗದ ಮನುಷ್ಯ.

"ಬೋರ್ಡ್ ಓದ್ಲಿಲ್ವೇನಮ್ಮಾ?"

ಬೋರ್ಡಿನಲ್ಲಿ ಏನಿರಲಿಲ್ಲ ಹೇಳಿ! ಚೆಂಡಾಟ ಆಡಬಾರದು, ಶಟ್ಲ್ ಆಡಬಾರದು, ಸೈಕಲ್ ತುಳಿಯಬಾರದು, ಹುಲ್ಲಿನ ಮೇಲೆ ಕಾಲಿಡಬಾರದು, ಓಡಬಾರದು. ಉಸಿರಾಡಬಾರದು ಎನ್ನುವುದೊಂದು ಬಾಕಿ. ಇದ್ದೊಂದು ಜೋಕಾಲಿಯ ಸರಪಳಿ ಹೋದ ಗೌರಿ ಹಬ್ಬಕ್ಕೇ ಕಿತ್ತುಹೋಗಿತ್ತು, ಅದನ್ನು ಕೇಳುವವರಿಲ್ಲ. ಬೀದಿಯಲ್ಲಿ ಆಡೋಣವೆಂದರೆ ಮೈಮೇಲೇ ಬರುವ ನೀರಿನ ಟ್ಯಾಂಕರು. ಚೆಂಡು ಅನಂತರಾಮು ಅವರ ಕೈಚೀಲ ಸೇರಿತು.

ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಫೋನ್ ಕೊಡ್ತೀಯಾ ಅಮ್ಮಾ?"

ಹಂಸಾಗೆ ಕಪಾಳಕ್ಕೆ ಹೊಡೆದಂತಾಯಿತು. "ಭಾನುವಾರದವರೆಗೂ ತಡ್ಕೋ, ಏನಾದ್ರೂ ಮಾಡ್ತೀನಿ" ಎಂದಳು. ಏನು ಮಾಡುವುದೆಂದು ಅವಳಿಗೇ ಗೊತ್ತಿರಲಿಲ್ಲ.

ಶನಿವಾರ ಸಂಘದ ವಾಟ್ಸಾಪ್‌ನಲ್ಲಿ ಒಂದು ಪ್ರಕಟಣೆ ಬಂತು. 'ಮಕ್ಕಳ ಕೈಗೆ ಮೊಬೈಲ್: ಪೋಷಕರೇ ಎಚ್ಚರ! ನಾಳೆ ಬೆಳಗ್ಗೆ ಪಾರ್ಕಿನಲ್ಲಿ ಉಪನ್ಯಾಸ. ಮಾತನಾಡುವವರು: ಶ್ರೀ ಅನಂತರಾಮು.' ಓದಿದವಳಿಗೆ ಮೈಯೆಲ್ಲ ಉರಿಯಿತು. ಮಗುವಿನ ಚೆಂಡು ಕಿತ್ತುಕೊಂಡವರು ಮಗುವನ್ನು ಆಡಿಸುವುದು ಹೇಗೆಂದು ಪಾಠ ಹೇಳುತ್ತಾರಂತೆ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಇವರ ಉಪನ್ಯಾಸಕ್ಕಿಷ್ಟು ಬೆಂಕಿ ಹಾಕ!

ಭಾನುವಾರ ಬೆಳಗ್ಗೆ ಹಂಸಾ ರಂಗೋಲಿ ಡಬ್ಬಿ, ಒಂದು ಚೊಂಬು ನೀರು ಹಿಡಿದು ಮಗಳೊಂದಿಗೆ ಪಾರ್ಕಿಗೆ ಹೋದಳು. ವಾಕಿಂಗ್ ದಾರಿಯ ಅಗಲಕ್ಕೂ ನೀರು ಚಿಮುಕಿಸಿ, ಕುಂಟೆಬಿಲ್ಲೆಯ ಮನೆಗಳನ್ನು ಬರೆದಳು. ಸುತ್ತ ಬಳ್ಳಿ ಬಿಡಿಸಿದಳು, ಮೂಲೆಗೊಂದು ಕಮಲ ಇಟ್ಟಳು. ಸಮನ್ವಿತಾ ಹುಟ್ಟಿದಾಗಿನಿಂದ ಕುಂಟೆಬಿಲ್ಲೆ ನೋಡಿದವಳೇ ಅಲ್ಲ. "ಬಿಲ್ಲೆ ಎಸಿ, ಒಂಟಿ ಕಾಲಲ್ಲಿ ಕುಂಟು. ಗೆರೆ ತುಳಿದ್ರೆ ಔಟ್" ಎಂದು ಹಂಸಾ ಸೆರಗು ಸಿಕ್ಕಿಸಿ ತಾನೇ ಕುಂಟಿ ತೋರಿಸಿದಳು.

ವಾಕಿಂಗ್‌ನವರು ಬಿರುಸಾಗಿ ಬಂದರು. ಮುಂದಿದ್ದವರು ಗಕ್ಕನೆ ನಿಂತು, "ಅಯ್ಯೋ, ರಂಗೋಲಿ" ಎಂದು ಪಕ್ಕದ ಮಣ್ಣಿಗಿಳಿದು ದಾಟಿದರು. ಹಿಂದಿನವರೂ ಇಳಿದರು. ರಂಗೋಲಿ ತುಳಿಯಬೇಡವೆಂದು ಅಮ್ಮಂದಿರಿಂದ ಬೈಸಿಕೊಂಡು ಬೆಳೆದ ಕಾಲುಗಳು, ಎಷ್ಟು ದುಬಾರಿ ಶೂ ಹಾಕಿದರೂ ಮರೆಯಬೇಕಲ್ಲ! ಕೊನೆಗೆ, ಮಗಳು ಔಟಾಗಿ ಹಂಸಾ ತನ್ನ ಸರದಿಗೆ ಗೆರೆಗಳ ನಡುವೆ ನಿಂತಿದ್ದಾಗ ಅನಂತರಾಮು ಬಂದರು, ಕೈಯಲ್ಲಿ ಭಾಷಣದ ಹಾಳೆ.

"ಏನಮ್ಮಾ ಇದು?"

"ರಂಗೋಲಿ ಸಾರ್."

"ಇದರಲ್ಲಿ ಆಟ ಆಡ್ತಿದೀರಿ!"

"ಬೋರ್ಡಲ್ಲಿ ಇದೊಂದು ಇಲ್ವಲ್ಲ ಸಾರ್."

"ಅಧಿಕಪ್ರಸಂಗ ಬೇಡ. ಅಳಿಸಿ ಮೊದ್ಲು."

"ನೀವೇ ಅಳಿಸಿ. ಇಡಿ ಕಾಲು."

ಅನಂತರಾಮು ಕಾಲೆತ್ತಿದರು. ಬಿಳಿ ಗೆರೆಯ ಮೇಲೆ ಶೂ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ನಾಳೆ ಇದನ್ನೂ ಬೋರ್ಡಲ್ಲಿ ಬರೆಸ್ತೀನಿ" ಎಂದು ಗುಡುಗಿದರು.

ಹಂಸಾಳ ಸಿಟ್ಟು ನೆತ್ತಿಗೇರಿತು. "ಬರೆಸಿ ಸಾರ್! ಅದರ ಕೆಳಗೆ ಮಕ್ಕಳೇ ಇರಬಾರದು ಅಂತಾನೂ ಬರೆಸಿಬಿಡಿ. ಚೆಂಡು ಕಿತ್ಕೊಳ್ಳೋರು ನೀವು, ಜೋಕಾಲಿ ರಿಪೇರಿ ಮಾಡಿಸದೇ ಇರೋರು ನೀವು, ಫೋನ್ ಕೊಟ್ಟ ತಾಯಿ ಕೆಟ್ಟೋಳು! ಇವಳು ನನ್ನ ಮಾತು ನಂಬಿ ಇದ್ದ ಆಟ ಅಳಿಸಿದಾಳೆ. ಈಗ ಏನ್ ಕೊಡ್ಲಿ ಇವಳ ಕೈಗೆ? ನಿಮ್ಮ ಭಾಷಣಾನಾ?" ಎನ್ನುತ್ತ ಒಂದು ಹೆಜ್ಜೆ ಮುಂದಿಟ್ಟಳು.

"ಅಮ್ಮಾ!" ಸಮನ್ವಿತಾ ಹಿಂದಿನಿಂದ ಕಿರುಚಿದಳು. ಅವಳಿಗೆ ಅನಂತರಾಮುವೂ ಕಾಣುತ್ತಿರಲಿಲ್ಲ, ಬೋರ್ಡೂ ಕಾಣುತ್ತಿರಲಿಲ್ಲ. ಕಣ್ಣೆಲ್ಲ ಅಮ್ಮನ ಪಾದದ ಮೇಲೆ. "ಗೆರೆ ತುಳಿದೆ ನೀನು! ಔಟ್! ಈಚೆ ಬಾ, ಈಗ ನಂದು."

ಹಂಸಾ ಆಡುತ್ತಿದ್ದ ಮಾತನ್ನು ಅಷ್ಟಕ್ಕೇ ಬಿಟ್ಟು, ಗೆರೆಯಾಚೆ ಬಂದು ನಿಂತಳು.