ಮ್ಯಾಕಿಗೆ ತುತ್ತು ಕೊಡುವ ರಸಿಕ್‌ಭಾಯಿ

“ಅಮ್ಮಾ, ರಸಿಕ್ ಅಂಕಲ್ ನಮ್ಮ ಕಂಪ್ಯೂಟರನ್ನ ಯಾಕೆ ಸೊಸೆ ಅಂತಾರೆ?” ಎಂದು ಕೃಪಾ ಕೇಳಿದಳು. ವಸ್ತ್ರಾಪುರದ ನಮ್ಮ ಮನೆಯ ಮ್ಯಾಕ್ ಕಂಪ್ಯೂಟರಿಗೆ ಕನ್ನಡ ಬರೆಯುವ ಸಾಫ್ಟ್‌ವೇರ್ ಹಾಕಲು ಬರುವ ರಸಿಕ್‌ಭಾಯಿ, ಮೊದಲು ಯಂತ್ರಕ್ಕೆ ಕೈಮುಗಿದು, ಆಮೇಲೆ ಫ್ಲಾಪಿಗಳನ್ನು ಒಂದೊಂದಾಗಿ ಉಣಿಸುತ್ತಾರೆ. ಅದು ಫ್ಲಾಪಿಯನ್ನು ಹೊರಗೆ ತಳ್ಳಿದರೆ, “ಇನ್ನೊಂದೇ ತುತ್ತು, ಬೇಟಾ” ಎಂದು ಗುಜರಾತಿಯಲ್ಲಿ ರಮಿಸಿ, ಸಾಸರಿನಲ್ಲಿ ಚಹಾ ಆರಿಸುತ್ತಾ ಕಾಯುತ್ತಾರೆ. ಪರದೆಯಲ್ಲಿ ಬಾಂಬಿನ ಚಿತ್ರ ಬಂದು ಎಲ್ಲವೂ ನಿಂತುಹೋದರೂ, “ತವರು ನೆನಪಾಯಿತೇನೋ!” ಎಂದು ನಕ್ಕು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಇವತ್ತು ಕೊನೆಗೂ ಕನ್ನಡ ಅಕ್ಷರಗಳು ಮೂಡಿದವು. ಅವನ್ನೇ ನೋಡುತ್ತಾ ಕೂತವರು ಮೆಲ್ಲಗೆ ನನಗೆ ಹೇಳಿದರು: “ನಳಿನಾಬೆನ್, ಮಗ ಉಡುಪಿಯ ಹುಡುಗಿಯನ್ನ ಮದುವೆಯಾಗಿ ಕರ್ಕೊಂಡು ಬಂದಿದ್ದಾನೆ. ಪಾಪ, ನಮ್ಮ ಮಾತು ಬರೋದಿಲ್ಲ, ಸರಿಯಾಗಿ ಉಣ್ಣೋದೂ ಇಲ್ಲ. ‘ಇನ್ನೊಂದೇ ತುತ್ತು’ ಅಂತ ಅವಳಿಗೆ ಕನ್ನಡದಲ್ಲಿ ಹೇಳೋದು ಕಲಿಸ್ತೀರಾ?”