ಕಣಿವೆಯಲ್ಲಿ ಕೊಟ್ಟ ವೀಳ್ಯ

“ಕಡಲ್ಗಳ್ಳ ಕಡಲಲ್ಲಿ ಹುಟ್ಟೋದಿಲ್ಲಮ್ಮ, ಮೀನು ಸಿಗದ ದಡದಲ್ಲಿ ಹುಟ್ಟುತ್ತಾನೆ” ಎಂದು ನನಗೆ ಮೊದಲು ಹೇಳಿದವರು ನಮ್ಮ ಗಾಡಿ ಹೊಡೆಯುವ ಮಾದಣ್ಣ. ಹಿಂದೆ ಹಡಗಿನಲ್ಲಿ ದುಡಿದವರು.

ಅಣ್ಣನಿಗೆ ಜ್ವರ ಬಂದು, ಅವನ ಹತ್ತಿಗಾಡಿಗಳ ಜೊತೆ ಕಾಲೇಜು ಓದಿ ಬಂದಿದ್ದ ನಾನೇ ಮಧುರೆಗೆ ಹೊರಟಿದ್ದೆ. ಆಂಡಿಪಟ್ಟಿ ಕಣಿವೆಯ ಏರಿನಲ್ಲಿ ಹಾಡಹಗಲೇ ಆರು ಜನ ಕೋಲು ಹಿಡಿದು ಅಡ್ಡ ನಿಂತರು.

“ಮೂಟೆ ಇಳಿಸಕ್ಕಾ.”

“ಇಳಿಸೋಣ. ಇದಕ್ಕೆ ಮೊದಲು ಏನು ಕೆಲಸ ಮಾಡ್ತಿದ್ರಿ?” ಮಾದಣ್ಣನ ಮಾತು ನೆನೆದು ಕೇಳಿದೆ.

ಮುಂದಾಳು ತಬ್ಬಿಬ್ಬಾದ. “ಗಾಡಿಗಳನ್ನ ಏರು ಹತ್ತಿಸೋಕೆ ಕೂಲಿಗೆ ನಮ್ಮ ಎತ್ತನ್ನೂ ಮುಂದೆ ಕಟ್ತಿದ್ವಿ. ಈಗ ನಿಮ್ಮಂಥವರೆಲ್ಲ ಏರಿಗೂ ಸ್ವಂತ ಎತ್ತು ತರ್ತೀರಲ್ಲ!”

ಅಣ್ಣನ ಎಲೆಯಡಿಕೆ ಚೀಲ ಬಿಚ್ಚಿ ವೀಳ್ಯ ಚಾಚಿದೆ. ನಮ್ಮ ಸೀಮೆಯಲ್ಲಿ ವೀಳ್ಯ ಹಿಡಿದವನು ಕೆಲಸ ಒಪ್ಪಿದಂತೆ. ಆಮೇಲೆ ಕೊಟ್ಟವರ ಸರಕು ಮುಟ್ಟುವಂತಿಲ್ಲ.

“ಇನ್ನು ಈ ಏರಿನಲ್ಲಿ ನಮ್ಮ ಗಾಡಿಗೆ ನಿಮ್ಮದೇ ಎತ್ತು. ಹಿಡಿ ತಮ್ಮಾ.”

ಹಿಡಿದ. ಅವರ ಎತ್ತುಗಳೇ ನಮ್ಮನ್ನು ಏರಿನ ತುದಿ ಮುಟ್ಟಿಸಿದವು. ಮುಂದೆ ಆ ದಾರಿಯ ಉಳಿದ ವರ್ತಕರೂ ಹಾಗೇ ಮಾಡಿದರು. ಪೊಲೀಸರು ಎಷ್ಟು ಕಾವಲು ಕಾದರೂ ನಿಲ್ಲದ ಸುಲಿಗೆ ಆ ಕಣಿವೆಯಲ್ಲಿ ನಿಂತೇಹೋಯಿತು.

“ಕಾಲೇಜಿನಲ್ಲಿ ನನ್ನ ಎಲೆಯಡಿಕೆ ಹಂಚೋಕೆ ಕಲಿಸಿದರಾ?” ಎಂದು ಅಣ್ಣ ಈಗಲೂ ಗೊಣಗುತ್ತಾನೆ. ಗೊಣಗಲಿ. ನೀವು ಮಾತ್ರ ದೂರ ಹೊರಟವರಿಗೆಲ್ಲ ಇದನ್ನು ಹೇಳಿ. ಬಂದೂಕು ಇಟ್ಟುಕೊಂಡವರಿಗೆ ಮೊದಲು ಹೇಳಿ.