ಚುಕ್ಕೆಯಿಲ್ಲದ್ದು ಒಂದೂ ಇಲ್ಲ

ರಾಹಿತಿಗೆ ಗೊತ್ತಿದ್ದ ವಿದ್ಯೆ ಒಂದೇ, ಬಣ್ಣ ಬಳಿಯುವುದು. ಅದೂ ಮಿಕ್ಕ ವಿದ್ಯೆಗಳೆಲ್ಲ ಅವನನ್ನು ಬೇಡವೆಂದ ಮೇಲೆ ಹತ್ತಿದ್ದು. ಮುತ್ತಿನ ಚಿಪ್ಪು ಬೆಳೆಸುವಲ್ಲಿ ಕೆಲಸಕ್ಕೆ ಸೇರಿ, ನೀರಿಗಿಳಿದರೆ ಕಿವಿ ನೋಯುತ್ತದೆಂದು ವಾರದೊಳಗೆ ವಾಪಸಾದ. ಹೋಟೆಲಿನಲ್ಲಿ ತಟ್ಟೆ ಹೊರುವ ಕೆಲಸ ಸಿಕ್ಕಿತು; ತಟ್ಟೆಗಳಿಗೆ ಅವನ ಕೈ ಹಿಡಿಸಲಿಲ್ಲ, ಒಂದೊಂದಾಗಿ ಬಿಟ್ಟುಹೋದವು. ಕೊನೆಗೆ ಹುವಾಹಿನೆ ದ್ವೀಪದ ದಡದಲ್ಲಿ ದೋಣಿಗಳಿಗೆ ಬಣ್ಣ ಹಚ್ಚುತ್ತ ಕೂತ. ದೋಣಿ ಅಲ್ಲಾಡುವುದಿಲ್ಲ, ಮಾತಾಡುವುದಿಲ್ಲ, ಬೇಗ ಮಾಡು ಅನ್ನುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಚ್ಚಿದ ಬಣ್ಣವೆಲ್ಲ ಹಪ್ಪಳದಂತೆ ಎದ್ದು, ಅದೇ ದೋಣಿ ಮತ್ತೆ ಅವನ ಮುಂದೆ ಬಂದು ಕೂರುತ್ತಿತ್ತು. ‘ನಮ್ಮ ಮಳೆಗೆ ತಡೆಯೋ ಬಣ್ಣ ಇನ್ನೂ ಹುಟ್ಟಿಲ್ಲ’ ಎನ್ನುವುದು ಅವನಿಗೆ ಬಾಯಿಪಾಠವಾಗಿದ್ದ ಏಕೈಕ ಶಾಸ್ತ್ರ. ಅವನ ಊಟವೂ ಅದೇ ಶಾಸ್ತ್ರದ ಮೇಲೆ ನಡೆಯುತ್ತಿತ್ತು.

ಅಂಥವನಿಗೆ ಅರೆಹೊ ಕೆಲಸ ಸಿಕ್ಕಿದ್ದು ತಪೇತಾ ಅಜ್ಜಿಯಿಂದ.

ಅರೆಹೊ ಎಂದರೆ ಮರದ ಮೇಲಿನ ಬಸವನಹುಳು. ಬೆರಳ ತುದಿಯಷ್ಟು ಗಾತ್ರ, ಜೇನುಬಣ್ಣದ ಚಿಪ್ಪು. ಹಗಲೆಲ್ಲ ಎಲೆಯ ಅಡಿಗೆ ಅಂಟಿಕೊಂಡು ನಿದ್ದೆ ಮಾಡುತ್ತದೆ. ಈ ವಿಷಯದಲ್ಲಿ ರಾಹಿತಿಗೆ ಅದರ ಮೇಲೆ ಮೊದಲಿನಿಂದಲೂ ಗೌರವ. ಮೊಟ್ಟೆ ಇಡುವುದಿಲ್ಲ, ಮನುಷ್ಯರ ಹಾಗೆ ಒಂದೊಂದೇ ಮರಿ ಹೆರುತ್ತದೆ. ಅಜ್ಜಿ ಲಂಗ ತೊಡುವ ವಯಸ್ಸಿನಲ್ಲಿ ಕಣಿವೆಯ ಮರ ಅಲ್ಲಾಡಿಸಿದರೆ ಮಡಿಲು ತುಂಬುತ್ತಿದ್ದವಂತೆ. ಅವಳೂ ಅವಳ ತಾಯಿಯೂ ಸೇರಿ ಚಿಪ್ಪು ಪೋಣಿಸಿ ಹಾರ ಮಾಡುತ್ತಿದ್ದರು. ಬಂದವರಿಗೆ ಹೂವಿನ ಹಾರ, ಹೊರಟವರಿಗೆ ಚಿಪ್ಪಿನ ಹಾರ, ಅದು ದ್ವೀಪದ ಕ್ರಮ. ಆಮೇಲೆ ಯಾರೋ ಬುದ್ಧಿವಂತರು, ಕೆಸುವಿನ ಗದ್ದೆ ತಿನ್ನುವ ದೊಡ್ಡ ಬಸವನಹುಳುವನ್ನು ಕೊಲ್ಲಲಿ ಎಂದು ಹೊರಗಿನಿಂದ ಒಂದು ಕೊಲೆಗಾರ ಹುಳು ತಂದುಬಿಟ್ಟರು. ಅದು ದೊಡ್ಡದರ ತಂಟೆಗೆ ಹೋಗದೆ ಬಡಪಾಯಿ ಅರೆಹೊಗಳನ್ನು ತಿಂದು ಮುಗಿಸಿತು. ಉಳಿದ ಕೆಲವನ್ನು ಪರದೇಶದ ವಿಜ್ಞಾನಿಗಳು ಊಟದ ಡಬ್ಬಿಯಲ್ಲಿಟ್ಟು ಸಮುದ್ರದಾಚೆ ಒಯ್ದು, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದರು. ಅಜ್ಜಿ ಮುದುಕಿಯಾಗುವವರೆಗೂ ಕಣಿವೆ ಖಾಲಿ ಇತ್ತು.

ಈಗ, ತಿನ್ನಲು ಏನೂ ಸಿಗದೆ ಕೊಲೆಗಾರ ಹುಳುವೂ ಅಳಿದ ಮೇಲೆ, ಅವುಗಳ ಮರಿಮೊಮ್ಮಕ್ಕಳನ್ನು ಡಾಕ್ಟರ್ ಸೊಲಾಂಜ್ ಎಂಬ ಹೆಂಗಸು ವಾಪಸು ತಂದಿದ್ದರು. ಪ್ರತಿಯೊಂದರ ಬೆನ್ನ ಮೇಲೂ ಒಂದು ಕೆಂಪು ಚುಕ್ಕೆ. ಕಣಿವೆಯಲ್ಲಿ ಬಿಟ್ಟ ಮೇಲೆ ನೋಡಿಕೊಳ್ಳಲು ಊರಿನವನೊಬ್ಬ ಬೇಕು, ಸಂಬಳ ಉಂಟು ಎಂದಾಗ ಅಜ್ಜಿ ಮೊಮ್ಮಗನ ಕತ್ತುಪಟ್ಟಿ ಹಿಡಿದು ಮುಂದೆ ನೂಕಿದಳು.

“ಇವನನ್ನ ತಗೋ ಮಗಳೇ. ಅರೆಹೊಗಿಂತ ನಿಧಾನ. ಓಡಿಹೋಗೋ ಭಯ ಇಲ್ಲ.”

ಚುಕ್ಕೆ ಯಾಕೆಂದು ಡಾಕ್ಟ್ರಮ್ಮ ಅವತ್ತು ಎಲ್ಲರೆದುರು ವಿವರವಾಗಿಯೇ ಹೇಳಿದರು. ಆದರೆ ಅದೇ ಹೊತ್ತಿಗೆ ಹಿಂದೆ ಔತಣದೂಟ ಹೂತಿಟ್ಟಿದ್ದ ನೆಲದೊಲೆಯ ಮಣ್ಣು ಸರಿಸುತ್ತಿದ್ದರು. ಹಂದಿ, ಜೀಗುಜ್ಜೆ, ಬಾಳೆಯೆಲೆಯ ಹಬೆ ಒಟ್ಟಿಗೆ ಎದ್ದು ಬರುತ್ತಿತ್ತು. ಅದರ ನಡುವೆ ರಾಹಿತಿಯ ತಲೆಗೆ ಹೋದದ್ದು ಇಷ್ಟೇ: ಚುಕ್ಕೆ ಮುಖ್ಯ.

“ಈ ಕೆಂಪು ಹೋಗೋದೇ ಇಲ್ಲ ರಾಹಿತಿ, ಎಷ್ಟೇ ಮಳೆ ಬರಲಿ” ಎಂದರು ಡಾಕ್ಟ್ರಮ್ಮ.

ರಾಹಿತಿ ಎರಡೂ ಹುಬ್ಬು ಎತ್ತಿದ. ಹೌದು ಅನ್ನಲು ಅಲ್ಲಿ ಯಾರೂ ಬಾಯಿ ಸವೆಸುವುದಿಲ್ಲ, ಹುಬ್ಬು ಸಾಕು. ಮನೆಗೆ ಬಂದ ಅತಿಥಿ ಸಮುದ್ರದ ನೀರು ಸಿಹಿ ಅಂದರೂ ಹುಬ್ಬು ಎತ್ತಬೇಕು. ಎದುರಾಡುವುದು ಹೆತ್ತವರಿಗೆ ಕೆಟ್ಟ ಹೆಸರು. ಒಳಗೊಳಗೆ ಮಾತ್ರ ಅವನು, ‘ಪಾಪ, ನಮ್ಮ ಮಳೆ ನೋಡಿಲ್ಲ’ ಅಂದುಕೊಂಡ.

ಹೀಗೆ ಕೆಲಸ ಸುರುವಾಯಿತು. ದಿನಾ ಬೆಳಿಗ್ಗೆ ಕಣಿವೆ ಹತ್ತುವುದು, ಎಲೆ ಮಗುಚಿ ನೋಡುವುದು, ಸಂಜೆ ಇಳಿಯುವುದು. ಊರಿನವರು ನಗುವುದಕ್ಕೆ ಬೇರೆ ವಿಷಯ ಹುಡುಕಬೇಕಾಗಲಿಲ್ಲ. ಮೀನು ಮಾರುವ ಪುನುವಾ ಅವನನ್ನು ಕಂಡಾಗಲೆಲ್ಲ ಬುಟ್ಟಿ ಇಳಿಸಿ ಕೂಗುತ್ತಿದ್ದ:

“ಏನಪ್ಪಾ ರಾಹಿತಿ, ದನ ಕಾಯೋರನ್ನ ನೋಡಿದ್ದೆ, ಹುಳ ಕಾಯೋನನ್ನ ನೋಡಿದ್ದು ನಿನ್ನೇ. ಓಡಿದ್ರೆ ಹಿಡಿಯೋಕೆ ಆಗುತ್ತೇನೋ?”

“ಅವು ಓಡಲ್ಲ ಅಣ್ಣಾ. ನಿನ್ನ ಮೀನಿನ ವಾಸನೆ ಬಂದ್ರೆ ಮಾತ್ರ ಸ್ವಲ್ಪ ಜೋರಾಗಿ ನಡೀತವೆ.”

ಒಂದು ಮಳೆಗಾಲ ಕಳೆಯಿತು. ರಾಹಿತಿ ಕಾಯುತ್ತಿದ್ದದ್ದು ಆಗಿಯೇ ಆಯಿತು. ಒಂದು ಬೆಳಿಗ್ಗೆ ಎಲೆ ಮಗುಚಿದರೆ ಬೆನ್ನ ಮೇಲೆ ಏನೂ ಇಲ್ಲದ ಒಂದು ಅರೆಹೊ! ‘ನಾನು ಹೇಳಿರಲಿಲ್ಲವಾ?’ ಎಂದು ಅವನು ಆ ಮರಕ್ಕೇ ಹೇಳಿದ. ಡಾಕ್ಟ್ರಮ್ಮ ಕೊಟ್ಟ ಬಣ್ಣ ಎದ್ದುಹೋಗಿದೆ. ಪಾಪ, ಅವರಿಗೆ ಫೋನು ಮಾಡಿ ಹೇಳಿದರೆ ಮುಖ ಸಣ್ಣದಾಗುತ್ತದೆ. ತನ್ನ ಸ್ವಂತ ದೋಣಿಗೆ ತಂದು ಉಳಿದಿದ್ದ ನೀಲಿ ಬಣ್ಣವನ್ನು ಸಣ್ಣ ಕುಂಚದಲ್ಲಿ ಅದ್ದಿ, ಉಸಿರು ಹಿಡಿದು, ಅಂದವಾದ ಒಂದು ಚುಕ್ಕೆ ಇಟ್ಟ. ದೋಣಿಗೆ ಅಷ್ಟು ಶ್ರದ್ಧೆಯಿಂದ ಎಂದೂ ಹಚ್ಚಿರಲಿಲ್ಲ. ಅಲ್ಲಿಂದಾಚೆ ಕುಂಚವೂ ನೀಲಿಯ ಪುಟ್ಟ ಡಬ್ಬಿಯೂ ಜೇಬಿನಲ್ಲೇ ಇರುತ್ತಿದ್ದವು. ಬೋಳು ಬೆನ್ನು ಕಂಡಲ್ಲೆಲ್ಲ ಒಂದು ನೀಲಿ.

ತಿಂಗಳಿಗೊಮ್ಮೆ ಸಮುದ್ರದಾಚೆಯಿಂದ ಫೋನು ಬರುತ್ತಿತ್ತು.

“ರಾಹಿತಿ, ಚುಕ್ಕೆ ಇಲ್ಲದ್ದು ಒಂದಾದ್ರೂ ಕಾಣಿಸ್ತಾ?”

“ಒಂದೂ ಇಲ್ಲ ಡಾಕ್ಟ್ರಮ್ಮಾ! ನಾನಿರೋವಾಗ ಅದೆಲ್ಲಿಂದ ಬರುತ್ತೆ?”

ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿಸುತ್ತಿತ್ತು. ಸಮಾಧಾನದ ಉಸಿರು ಎಂದು ಇವನ ಎಣಿಕೆ. ಇಷ್ಟು ಕಾಳಜಿಯ ಧಣಿ, ಇಷ್ಟು ಚುರುಕಿನ ಆಳು! ಸಂಬಳ ಏರಿಸುವ ಮಾತು ಇವತ್ತು ನಾಳೆಯಲ್ಲಿ ಬರಬೇಕು ಎಂದು ಅವನು ಕಾದ.

ಬಂದದ್ದು ಬೇರೆ ಮಾತು.

“ನಾನೇ ಬರ್ತಿದೀನಿ” ಎಂದರು ಡಾಕ್ಟ್ರಮ್ಮ, ದನಿ ಕುಗ್ಗಿಸಿಕೊಂಡು. “ನೀನು ಚೆನ್ನಾಗೇ ನೋಡ್ಕೊಂಡಿದೀಯ. ಆದ್ರೆ ಕಣಿವೇಲಿ ಒಂದು ಮರೀನೂ ಹುಟ್ಟಿಲ್ಲ. ಹೀಗೇ ಬಿಟ್ರೆ ಇರೋವು ಮುದಿಯಾಗಿ ಸತ್ತುಹೋಗ್ತವೆ. ಎಲ್ಲಾನೂ ಆರಿಸಿ ಪೆಟ್ಟಿಗೆಗೆ ವಾಪಸ್ ಹಾಕ್ಬೇಕು.”

ರಾಹಿತಿ ಫೋನನ್ನು ಕಿವಿಯಿಂದ ತೆಗೆಯುವುದನ್ನೇ ಮರೆತ. ಅಷ್ಟರಲ್ಲಿ ಅವನಿಗೆ ಒಂದೊಂದು ಮರದ ಒಂದೊಂದು ಅರೆಹೊದ ಸ್ವಭಾವ ಗೊತ್ತಿತ್ತು. ತೊರೆಯ ಪಕ್ಕದ ಮರದಲ್ಲಿ ಒಂದು ಸಿಡುಕಿ ಇತ್ತು, ಮುಟ್ಟಿದರೆ ಸಾಕು, ಮಧ್ಯಾಹ್ನದವರೆಗೂ ಹೊರಗೆ ಬರುತ್ತಿರಲಿಲ್ಲ. ಅದು ಗಾಜಿನೊಳಗೆ ಯಾವ ಎಲೆಯಡಿ ಮುನಿಸಿಕೊಂಡು ಕೂರಬೇಕು? ಸಂಬಳದ್ದು ಬಿಡು, ಅದಿಲ್ಲದೆ ಬದುಕಿ ಅಭ್ಯಾಸವಿತ್ತು.

ಅಜ್ಜಿ ಸುದ್ದಿ ಕೇಳಿ ಒಳಗೆ ಹೋದಳು. ಬಟ್ಟೆಯ ಪೆಟ್ಟಿಗೆ ತೆರೆದು ತನ್ನ ತಾಯಿ ಪೋಣಿಸಿದ್ದ ಹಳೆಯ ಅರೆಹೊ ಹಾರವನ್ನು ಹೊರಗೆ ತೆಗೆದಳು.

“ಅದ್ಯಾಕಜ್ಜಿ ಈಗ?”

“ಹೊರಟೋರಿಗೆ ಹಾಕ್ಬೇಕಲ್ಲೋ. ಹಿಂದಿನ ಸಲ ಡಬ್ಬಿಲಿ ತುಂಬ್ಕೊಂಡು ಹೋದಾಗ ಯಾರೂ ಹಾರ ಹಾಕ್ಲಿಲ್ಲ. ಹೇಳದೆ ಕೇಳದೆ ಕಳ್ಳರ ಹಾಗೆ ಹೋದವು. ಈ ಸಲ ಪೆಟ್ಟಿಗೆಗಾದ್ರೂ ಹಾಕಿ ಕಳಿಸ್ತೀನಿ.”

ಮುಂದಿನ ವಾರ ಹಡಗು ಬಂತು. ಇಳಿದ ಡಾಕ್ಟ್ರಮ್ಮನ ಕೊರಳಿಗೆ ಅಜ್ಜಿ ಬಿಳಿ ತಿಯಾರೆ ಹೂವಿನ ಹಾರ ಹಾಕಿ, ಎರಡೂ ಕೆನ್ನೆಗೆ ಮುತ್ತಿಟ್ಟು, “ನಾನೂ ಬರ್ತೀನಿ ಕಣಿವೆಗೆ” ಎಂದು ಘೋಷಿಸಿದಳು. ಮಂಡಿ ನೋವಿನವಳು ಅಷ್ಟು ಮೇಲೆ ಹೇಗೆ ಹತ್ತುತ್ತೀ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪೆಟ್ಟಿಗೆ ಹೊತ್ತು ರಾಹಿತಿ ಮುಂದೆ, ನಡುವೆ ಡಾಕ್ಟ್ರಮ್ಮ, ಹಿಂದೆ ಕೋಲೂರುತ್ತ ಬೈಯುತ್ತ ಅಜ್ಜಿ. ಬೈಗುಳ ದಾರಿಗೋ ಮೊಮ್ಮಗನಿಗೋ ತಿಳಿಯಲಿಲ್ಲ.

ಮೊದಲ ಮರದಲ್ಲಿ ಡಾಕ್ಟ್ರಮ್ಮ ಎಲೆ ಮಗುಚಿದರು. ಕೆಂಪು ಚುಕ್ಕೆ. ಮೆಲ್ಲಗೆ ಬಿಡಿಸಿ ಪೆಟ್ಟಿಗೆಯಲ್ಲಿಟ್ಟರು. ಮತ್ತೊಂದು, ಅದೂ ಕೆಂಪು. ಮೂರನೆಯದನ್ನು ಮಗುಚಿದವರು ಹಾಗೇ ನಿಂತರು.

“ಇದೇನಿದು, ನೀಲಿ?”

“ನನ್ನ ದೋಣೀದು ಡಾಕ್ಟ್ರಮ್ಮಾ. ಒಳ್ಳೇ ಬಣ್ಣ, ಸಮುದ್ರದ್ದು.”

“ಯಾಕೆ ಹಚ್ಚಿದೆ?”

ರಾಹಿತಿ ಅಜ್ಜಿಯ ಕಡೆ ನೋಡಿದ. ಅತಿಥಿಯ ಮುಖಕ್ಕೆ ಹೇಳಬಾರದ ಮಾತು, ಆದರೆ ಬೇರೆ ದಾರಿ ಇಲ್ಲ. “ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಂಪು... ಸ್ವಲ್ಪ... ಎದ್ದುಹೋಗಿತ್ತು.”

“ಅದು ಏಳಲ್ಲ ಅಂತ ಹೇಳಿದ್ದೆ. ನೀನೂ ಹೂಂ ಅಂದಿದ್ದೆ!”

“ಹುಬ್ಬು ಎತ್ತಿದ್ದೆ” ಎಂದು ರಾಹಿತಿ ತಿದ್ದಿದ.

ಡಾಕ್ಟ್ರಮ್ಮನ ಮುಖ ಒಂಥರಾ ಆಯಿತು. “ರಾಹಿತಿ, ಸರಿಯಾಗಿ ಹೇಳು. ನೀಲಿ ಹಚ್ಚೋಕೆ ಮುಂಚೆ ಇದರ ಬೆನ್ನ ಮೇಲೆ ಒಂದು ಚೂರಾದ್ರೂ ಕೆಂಪು ಇತ್ತಾ?”

“ಒಂದು ಚೂರೂ ಇಲ್ಲ. ಪಾದ್ರಿಗಳ ತಲೆ ಹಾಗೆ ಬೋಳು.”

“ಹೀಗೆ ಎಷ್ಟಕ್ಕೆ ಹಚ್ಚಿದೀಯ?”

“ಬೇಕಾದಷ್ಟು! ಚುಕ್ಕೆ ಇಲ್ಲದ್ದು ಒಂದೂ ಉಳಿಸಿಲ್ಲ.”

ಡಾಕ್ಟ್ರಮ್ಮ ಬೇರಿನ ಮೇಲೆ ಕುಸಿದು ಕೂತರು. “ಅಯ್ಯೋ ಪುಣ್ಯಾತ್ಮ! ಚುಕ್ಕೆ ಇರೋವು ನಾನು ತಂದು ಬಿಟ್ಟವು. ಚುಕ್ಕೆ ಇಲ್ಲದ್ದು ಅಂದ್ರೆ ಇಲ್ಲೇ ಹುಟ್ಟಿದ್ದು! ಪ್ರತಿ ತಿಂಗಳು ಅದನ್ನೇ ಕೇಳ್ತಿದ್ದೆ ನಿನ್ನ!”

ರಾಹಿತಿ ತನ್ನ ಜೇಬಿನ ಕುಂಚವನ್ನು ಮೆಲ್ಲಗೆ ಇನ್ನಷ್ಟು ಒಳಗೆ ತಳ್ಳಿದ.

“ಖಾತ್ರಿ ಮಾಡ್ಕೋಬೇಕು” ಎಂದು ಡಾಕ್ಟ್ರಮ್ಮ ಎದ್ದರು. “ಕೆಂಪು ಹಚ್ಚೋಕೆ ಮುಂಚೆ ನಾವು ಚಿಪ್ಪನ್ನ ಉಜ್ಜಿ ಒರಟು ಮಾಡಿರ್ತೀವಿ. ಬಣ್ಣ ಹೋದ್ರೂ ಆ ಗುರುತು ಹೋಗಲ್ಲ. ಈ ನೀಲಿ ಎಬ್ಬಿಸಿ ನೋಡಿದ್ರೆ ಗೊತ್ತಾಗುತ್ತೆ.”

ಉಗುರಿನಿಂದ ಕೆರೆದರು. ನೀಲಿ ಅಲುಗಲಿಲ್ಲ. ಬಟ್ಟೆಯಿಂದ ಉಜ್ಜಿದರು, ಇನ್ನಷ್ಟು ಹೊಳೆಯಿತು. ಜೀವಮಾನದಲ್ಲಿ ರಾಹಿತಿ ಹಚ್ಚಿದ ಬಣ್ಣ ಮಳೆಗೆ ತಡೆದದ್ದು ಅದೇ ಮೊದಲು. ಹಾಳಾದ್ದು ತಡೆಯಬಾರದ ಜಾಗದಲ್ಲಿ ತಡೆದಿತ್ತು.

“ಸರೀರಿ ಆಚೆ” ಎಂದಳು ಅಜ್ಜಿ. ಬೆತ್ತದ ಟೋಪಿಯ ಅಂಚಿನಿಂದ ಚಿಪ್ಪು ಪೋಣಿಸುವ ಸೂಜಿಯನ್ನು ಎಳೆದಳು.

“ಅಜ್ಜೀ, ಚುಚ್ಚಿಬಿಟ್ಟೀಯ!”

“ನಿನ್ನ ವಯಸ್ಸಲ್ಲಿ ಎಷ್ಟು ಚುಚ್ಚಿದೀನಿ ಅಂತ ದೇವರಿಗೇ ಗೊತ್ತು. ಎಲ್ಲಿ ಒತ್ತಿದ್ರೆ ತೂತಾಗುತ್ತೆ ಅಂತ ಗೊತ್ತಿದ್ದೋಳಿಗೆ ಎಲ್ಲಿ ಒತ್ತಬಾರದು ಅಂತಾನೂ ಗೊತ್ತಿರುತ್ತೆ. ಅಲ್ಲಾಡದೆ ಹಿಡ್ಕೋ.”

ರಾಹಿತಿ ಹಿಡಿದ. ಅಜ್ಜಿ ಸೂಜಿಯ ತುದಿಯನ್ನು ಬಣ್ಣದ ಅಂಚಿನಡಿ ಸರಿಸಿ, ತುಟಿ ಕಚ್ಚಿ, ಒಂದೇ ಒಂದು ಸಲ ಎತ್ತಿದಳು. ನೀಲಿ ಚುಕ್ಕೆ ಮೀನಿನ ಹುರುಪೆಯಂತೆ ಕಳಚಿ ಅವಳ ಅಂಗೈ ಮೇಲೆ ಬಿತ್ತು. ಕೆಳಗೆ ಚಿಪ್ಪು ಜೇನಿನಂತೆ ಹೊಳೆಯುತ್ತಿತ್ತು. ಉಜ್ಜಿದ ಗುರುತಿಲ್ಲ, ಕೆಂಪಿನ ಕುರುಹಿಲ್ಲ. ಯಾವ ಪ್ರಯೋಗಶಾಲೆಯೂ ಮುಟ್ಟದ ಚಿಪ್ಪು.

ಡಾಕ್ಟ್ರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಮತ್ತೆ ನೋಡಿದರು. ಆಮೇಲೆ ಭೂತಗನ್ನಡಿಯನ್ನೇ ಎಸೆದು ಅಜ್ಜಿಯನ್ನು ತಬ್ಬಿಕೊಂಡು ನಗತೊಡಗಿದರು. ನಗು ಅಳುವಾಗಿ, ಅಳು ಮತ್ತೆ ನಗುವಾಯಿತು. ಮುಂದಿನ ಮರದಲ್ಲಿ ಮತ್ತೊಂದು ನೀಲಿ. ಅದರಾಚೆ ಇನ್ನೆರಡು. ಪ್ರತಿ ಸಲ ಅಜ್ಜಿಯ ಸೂಜಿ ಎದ್ದಾಗಲೂ ಹೊಳೆಯುವ ಚಿಪ್ಪು. ತೊರೆಯ ಪಕ್ಕದ ಸಿಡುಕಿಯೂ ಇಲ್ಲೇ ಹುಟ್ಟಿದವಳು! ಮಧ್ಯಾಹ್ನದ ಹೊತ್ತಿಗೆ ಅವರು ಎಣಿಸುವುದನ್ನು ಬಿಟ್ಟು, ಎಲೆ ಮಗುಚುವುದು, ಕೂಗುವುದು, ಇಷ್ಟೇ ಮಾಡುತ್ತಿದ್ದರು. ಎತ್ತರದ ಒಂದು ಎಲೆಯಡಿ ಅಕ್ಕಿಕಾಳಿನಷ್ಟು ಮರಿಯೊಂದು ಕೊಂಬು ಚಾಚಿತ್ತು. ರಾಹಿತಿಯ ಕೈ ತಾನಾಗಿ ಜೇಬಿಗೆ ಹೋಯಿತು.

“ಹಚ್ಚಿದ್ರೆ ಕೈ ಮುರೀತೀನಿ!” ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಕಿರುಚಿದರು.

ಪೆಟ್ಟಿಗೆಯಲ್ಲಿದ್ದವನ್ನು ತೆಗೆದು ಅವುಗಳ ಮರಗಳಿಗೇ ಬಿಟ್ಟರು. ಅಜ್ಜಿ ಚೀಲದೊಳಗಿನ ಚಿಪ್ಪಿನ ಹಾರವನ್ನು ಒಮ್ಮೆ ಮುಟ್ಟಿ, “ಇಲ್ಲಿ ಯಾರೂ ಹೊರಡ್ತಿಲ್ಲ” ಎಂದು ಇನ್ನಷ್ಟು ಆಳಕ್ಕೆ ತುರುಕಿದಳು. ಡಾಕ್ಟ್ರಮ್ಮ ತಮ್ಮ ಕೊರಳಿನ ಹೂವಿನ ಹಾರ ತೆಗೆದು ಆ ಮರಿಯಿದ್ದ ಕೊಂಬೆಗೆ ಹಾಕಿದರು. ಹೊಸದಾಗಿ ಬಂದದ್ದು ಅದೇ ತಾನೆ.

“ಇಲ್ಲಿ ಬಾರೋ” ಎಂದಳು ಅಜ್ಜಿ. ರಾಹಿತಿ ಬಗ್ಗಿದ, ಮುತ್ತು ಸಿಗುತ್ತದೆಂದು. ಅವಳು ಅವನ ಜೇಬಿನ ಕುಂಚ, ಡಬ್ಬಿ ಎರಡನ್ನೂ ಕಸಿದು, ಹಣೆಯ ನಟ್ಟನಡುವೆ ಒಂದು ದಪ್ಪ ನೀಲಿ ಚುಕ್ಕೆ ಇಟ್ಟುಬಿಟ್ಟಳು. “ಇವನೂ ಇಲ್ಲೇ ಹುಟ್ಟಿದ್ದು. ಎಷ್ಟೇ ಮಳೆ ಬರಲಿ, ಎಲ್ಲಿಗೂ ಹೋಗಲ್ಲ.”

ಭಾನುವಾರ ಚರ್ಚಿನಲ್ಲಿ ಬಿಳಿ ಅಂಗಿ ತೊಟ್ಟು, ಹಣೆಯ ಮೇಲೆ ನೀಲಿ ಹೊತ್ತು ಅವನು ಎಲ್ಲರ ನಡುವೆ ನಿಂತು ಹಾಡಿದ. ಸೋಪು, ತೆಂಗಿನೆಣ್ಣೆ, ಸೀಮೆಎಣ್ಣೆ ಯಾವುದಕ್ಕೂ ಅದು ಜಗ್ಗಿರಲಿಲ್ಲ. ಪುನುವಾ ಕೂಡ ಅವತ್ತು ನಗಲಿಲ್ಲ, ಹೊರಗೆ ಬಂದ ಮೇಲೆ ಕೆಮ್ಮಿ, “ಆ ನೀಲಿ ಡಬ್ಬ ಇನ್ನೂ ಉಳಿದಿದ್ಯೇನೋ? ನನ್ನ ದೋಣಿಗೆ ಬೇಕಿತ್ತು” ಎಂದು ಕೇಳಿದ.

ಮುಂದಿನ ತಿಂಗಳು ಫೋನು ಬಂತು.

“ರಾಹಿತಿ, ಚುಕ್ಕೆ ಇಲ್ಲದ್ದು ಏನಾದ್ರೂ...”

“ಮರದ ತುಂಬಾ ಡಾಕ್ಟ್ರಮ್ಮಾ!” ಎಂದು ಅವನು ಕೂಗಿದ ಕೂಗು ದಡದವರೆಗೂ ಕೇಳಿಸಿತು.